ಡಬ್ಬಿ ಮಾವ

ರೀಲು ಕ್ಯಾಮೆರಾ ಬಿಡದೆ ಇಟ್ಟುಕೊಂಡವರು ಈಗಲೂ ಊರಿಗೆ ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ಮೂವರು ಫೋಟೋ ತೆಗೆಯುತ್ತಾರೆ. ನಾಲ್ಕನೆಯವರು ಡಬ್ಬಿ ತುಂಬುತ್ತಾರೆ.

ಡಬ್ಬಿ ಅಂದರೆ 35 ಎಂಎಂ ಫಿಲಂ ಸುತ್ತಿಕೊಂಡು ಬರುವ ಪುಟ್ಟ ತಗಡಿನ ಕ್ಯಾಸೆಟ್ಟು. ಫಿಲಂ ತೊಳೆಸಿದ ಮೇಲೆ ಉಳಿದವರು ಅದನ್ನು ಕಸಕ್ಕೆ ಹಾಕುತ್ತಾರೆ. ಇವರು ಆ ಕಸದ ಬುಟ್ಟಿಯ ಪಕ್ಕದಲ್ಲೇ ನಿಂತಿರುತ್ತಾರೆ. ಬೆಂಗಳೂರು, ಮೈಸೂರುಗಳಲ್ಲಿ ಬೀದಿಗೊಂದು ಕಲರ್ ಲ್ಯಾಬ್ ಇದ್ದ 1990ರ ದಶಕ ಇವರ ಪಾಲಿಗೆ ಸುಗ್ಗಿಕಾಲ. ಲ್ಯಾಬಿನ ಹುಡುಗ ಫಿಲಂ ಎಳೆದು ಕತ್ತರಿಸುವಾಗ ಡಬ್ಬಿಯ ಬಾಯಲ್ಲಿ ಒಂದೆರಡು ಸೆಂಟಿಮೀಟರ್ ತುಂಡು ಉಳಿಯುತ್ತಿತ್ತು. ಆ ಬಾಲಕ್ಕೆ ಹೊಸ ಫಿಲಂನ ತುದಿಯನ್ನು ಟೇಪಿನಿಂದ ಅಂಟಿಸಿ ಒಳಕ್ಕೆ ಸುತ್ತಿದರೆ ಮುಗಿಯಿತು, ಡಬ್ಬಿಗೆ ಮರುಜನ್ಮ. ಹುಡುಗನಿಗೆ ಒಂದು ಕಾಫಿ ಕೊಡಿಸಿದರೆ ಸಂಜೆಗೆ ಒಂದು ಚೀಲ ಡಬ್ಬಿ.

ನಮ್ಮ ಮಾದರಿ ಪುರುಷರನ್ನು ಡಬ್ಬಿ ಮಾವ ಎನ್ನೋಣ. ನೆಂಟರಿಷ್ಟರು ಹಾಗೇ ಕರೆಯುತ್ತಾರೆ, ಅವರ ಬೆನ್ನ ಹಿಂದೆ. ಅವರಿಗೆ ಬರುವ ಗಣಿತ ಒಂದೇ, ಅದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ: ದೊಡ್ಡ ಸುರುಳಿ 100 ಅಡಿ, ಅಂದರೆ 30.5 ಮೀಟರ್, ಒಂದು ಚಿತ್ರಕ್ಕೆ 8 ತೂತು, 38 ಮಿಲಿಮೀಟರ್, 36 ಚಿತ್ರದ ರೀಲಿಗೆ ಮೂತಿ ಬಾಲ ಸೇರಿ ಸುಮಾರು 1.6 ಮೀಟರ್, ಹಾಗಾಗಿ ಸುರುಳಿಗೆ 18 ರೀಲು, ಕೈ ಬಿಗಿಯಿದ್ದರೆ 19. ಮಾವನ ಕೈ ಬಿಗಿಯೇ.

ಜಿಪುಣತನ ಎಂದುಬಿಟ್ಟೀರಿ, ಜೋಕೆ. ಅವರು ಚರಿತ್ರೆ ಬಿಚ್ಚುತ್ತಾರೆ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದಾಗ ತುಂಬಿದ ಡಬ್ಬಿಯನ್ನು ಅಂಗಡಿಯಲ್ಲಿ ಕೊಳ್ಳುವ ಮಾತೇ ಇರಲಿಲ್ಲ. ಸಿನಿಮಾ ಫಿಲಂ ತಂದು, ಕತ್ತಲಲ್ಲಿ ಅಳೆದು ಕತ್ತರಿಸಿ, ಹಿತ್ತಾಳೆಯ ಕ್ಯಾಸೆಟ್ಟಿಗೆ ತಾವೇ ತುಂಬಿಕೊಳ್ಳಬೇಕಿತ್ತು. 1934ರಲ್ಲಿ ಕೊಡಕ್ ತನ್ನ ರೆಟಿನಾ ಕ್ಯಾಮೆರಾದ ಜೊತೆಗೆ ಬಳಸಿ ಬಿಸಾಡುವ ಡಬ್ಬಿ ತಂದಿತು. "ಅಲ್ಲಿಂದಲೇ ಕಣೋ ಜನ ಕೆಟ್ಟಿದ್ದು" ಎನ್ನುತ್ತಾರೆ ಮಾವ. ಅವರ ಲೆಕ್ಕದಲ್ಲಿ ಅವರು ಸಂಪ್ರದಾಯಸ್ಥರು. ದಾರಿ ತಪ್ಪಿದ್ದು ಪ್ರಪಂಚ.

ಅವರ ಕೋಣೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಬಲ್ಕ್ ಲೋಡರ್ ಇದೆ, ತಿರುಗಿಸಿದರೆ ಟಿಕ್ ಟಿಕ್ ಎಂದು ಚಿತ್ರ ಎಣಿಸುತ್ತದೆ. ಡಬ್ಬಿಯ ಬಾಯಲ್ಲಿ ಬೆಳಕು ತಡೆಯುವ ಮಖಮಲ್ಲಿನ ಪಟ್ಟಿ ಇರುತ್ತದಲ್ಲ, ಅದರಲ್ಲಿ ಒಂದು ಮರಳಿನ ಕಣ ಕೂತರೂ 36 ಚಿತ್ರಗಳ ಉದ್ದಕ್ಕೂ ನೆಟ್ಟಗೆ ಒಂದು ಗೀರು. ಅದಕ್ಕಾಗಿ ಮಾವ ಪ್ರತಿ ಡಬ್ಬಿಯ ತುಟಿಯನ್ನೂ ಟೇಪು ಒತ್ತಿ ಒತ್ತಿ ಶುಚಿ ಮಾಡುತ್ತಾರೆ. ಮನೆಯ ಫ್ಯಾನಿನ ಮೇಲಿನ ಧೂಳು ಅವರ ಕಣ್ಣಿಗೆ ಬಿದ್ದದ್ದನ್ನು ಅತ್ತೆ ಇನ್ನೂ ಕಂಡಿಲ್ಲ.

ಈಗ ಮದುವೆಯ ವಿಷಯ. ಒಬ್ಬ ಸೋದರಳಿಯ ಇದ್ದ. ಅವನ ಹೆಸರು ಬೇಡ. ಇದನ್ನು ಬರೆಯುತ್ತಿರುವವನು ಅವನೇ ಇರಬಹುದೆಂಬ ಗುಮಾನಿಯೂ ಓದುಗರಿಗೆ ಬೇಡ. ಮದುವೆಗೆ ಒಪ್ಪಿಸಿದ ಫೋಟೋಗ್ರಾಫರ್ ಧಾರೆಯ ಹೊತ್ತಿಗೆ ಫ್ಲ್ಯಾಷ್ ಕೆಟ್ಟಿತೆಂದು ಕೈ ಚೆಲ್ಲಿದ. ಅಳಿಯನ ಕೈಲಿ ಕ್ಯಾಮೆರಾ ಇತ್ತು, ರೀಲು ಇರಲಿಲ್ಲ. ಮಾವ ರೇಷ್ಮೆ ಜುಬ್ಬದ ಜೇಬಿನಿಂದ, ಕೊಬ್ಬರಿ ಸಕ್ಕರೆ ಹಂಚುವಷ್ಟು ಔದಾರ್ಯದಲ್ಲಿ, ಒಂದು ಡಬ್ಬಿ ತೆಗೆದು ಕೊಟ್ಟರು. ಹಳದಿ ಬಣ್ಣದ, 200 ಎಂದು ಅಚ್ಚಾದ, ಖಾಸಾ ಕಲರ್ ಫಿಲಂನ ಡಬ್ಬಿ. ಒಳಗಿದ್ದದ್ದು ಇಲ್‌ಫರ್ಡ್ ಎಚ್‌ಪಿ5 ಕಪ್ಪು ಬಿಳುಪು ಫಿಲಂ. ಹಾಗೆಂದು ಗಾಯದ ಪಟ್ಟಿಯ ತುಂಡೊಂದರ ಮೇಲೆ ಪೆನ್ಸಿಲಿನಲ್ಲಿ ಬರೆದು ಅಂಟಿಸಿದ್ದರಂತೆ. ಜುಬ್ಬದ ಬೆವರಿಗೆ ಪಟ್ಟಿ ಜೇಬಿನಲ್ಲೇ ಉಳಿದಿತ್ತು.

ಮುಂದಿನದು ರಸಾಯನಶಾಸ್ತ್ರ. ಕಲರ್ ಫಿಲಂ ತೊಳೆಯುವ ಯಂತ್ರ ಚಿತ್ರಕ್ಕೆ ಬಣ್ಣ ಕಟ್ಟಿ, ಕೆಲಸ ಮುಗಿದ ಬೆಳ್ಳಿಯನ್ನೆಲ್ಲ ಬ್ಲೀಚ್ ಮಾಡಿ ತೆಗೆದುಹಾಕುತ್ತದೆ. ಕಪ್ಪು ಬಿಳುಪು ಫಿಲಂನಲ್ಲಿ ಚಿತ್ರವೆಂದರೆ ಆ ಬೆಳ್ಳಿಯೇ. ಹಳದಿ ಡಬ್ಬಿ ನೋಡಿದ ಲ್ಯಾಬಿನ ಹುಡುಗ ಎರಡನೇ ಯೋಚನೆ ಮಾಡದೆ ಯಂತ್ರಕ್ಕೆ ಕೊಟ್ಟ. ಧಾರೆ, ಮಾಂಗಲ್ಯ, ಸಪ್ತಪದಿ, ಅಳುತ್ತಿದ್ದ ಹೆಣ್ಣಿನ ತಾಯಿ, ಎಲ್ಲ ಬ್ಲೀಚಿಗೆ ಹೋಯಿತು. ಬಂದದ್ದು ಗಾಜಿನಂಥ ತೆಳ್ಳನೆ ಪಟ್ಟಿ, ಅಂಚಿನ ಅಂಕಿಗಳೂ ಇಲ್ಲ. "ಲೆನ್ಸಿನ ಮುಚ್ಚಳ ತೆಗೆದಿದ್ರಾ ಸಾರ್?" ಎಂದು ಹುಡುಗ ಮೆಲ್ಲಗೆ ಕೇಳಿದ.

ಅಳಿಯ ಅದನ್ನು ಮಾವನ ಮುಂದೆ ಹಿಡಿದಾಗ ಅವರು ಕನ್ನಡಕ ಏರಿಸಿ, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ಇಂಚಿಂಚೂ ನೋಡಿದರು. ಮುಖ ಅರಳಿತು.

"ಒಂದೇ ಒಂದು ಗೀರಿಲ್ಲ ನೋಡೋ!"

ಆಮೇಲೆ ಅತ್ತಿತ್ತ ನೋಡಿ, "ಡಬ್ಬಿ ಎಲ್ಲಿ?" ಎಂದರು.

ಉಳಿದ ಉಪದ್ವ್ಯಾಪಗಳು ಇಷ್ಟು ದೊಡ್ಡವಲ್ಲ. 1983ರಿಂದೀಚೆಗೆ ಡಬ್ಬಿಯ ಮೈಮೇಲೆ ಬಂದ ಡಿಎಕ್ಸ್ ಎಂಬ ಬೆಳ್ಳಿ ಕಪ್ಪು ಚೌಕಗಳನ್ನು ಓದಿ ಕ್ಯಾಮೆರಾ ಫಿಲಂನ ವೇಗ ತಿಳಿಯುತ್ತದೆ. ಮಾವ ಅದನ್ನು ತರಕಾರಿ ಚಾಕುವಿನಿಂದ ಕೆರೆದು, ಟೇಪು ಹಚ್ಚಿ, ಕ್ಯಾಮೆರಾಕ್ಕೆ ಬೇಕಾದ ಸುಳ್ಳು ಹೇಳಿಸುತ್ತಾರೆ. ಅಂಟಿಸಿದ ತುದಿಗೆ ಬೆಳಕು ತಾಗಿರುವುದರಿಂದ ಕೊನೆಯ ಒಂದೆರಡು ಚಿತ್ರ ಲೆಕ್ಕಕ್ಕಿಲ್ಲ. ಇದನ್ನು ರೀಲು ಮುಗಿದ ಮೇಲೆ ಹೇಳುತ್ತಾರೆ. ಟೇಪು ಕಿತ್ತುಬಂದರೆ ರೀಲು ಹಿಂದಕ್ಕೆ ಸುತ್ತಲಾಗದು, ಕ್ಯಾಮೆರಾ ಸಮೇತ ಕಂಬಳಿಯೊಳಗೆ ಹೋಗಬೇಕು; ಏಪ್ರಿಲ್ ತಿಂಗಳಾದರೂ.

ಇಷ್ಟಕ್ಕೂ ಅವರು ತೆಗೆದ ಫೋಟೋಗಳೆಲ್ಲಿ? ಗೋಡೆಯ ಮೇಲೆ ಒಂದು ನಂದಿಬೆಟ್ಟ, ಅಲಮಾರಿನಲ್ಲಿ ಬೆಕ್ಕಿನ ನಾಲ್ಕಾರು. ತುಂಬಿದ ಡಬ್ಬಿಗಳು ಮಾತ್ರ ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಸಾಲಾಗಿ ನಿಂತಿವೆ. ಅವರಿಗೆ ಫೋಟೋ ಬೇಕಾಗಿಯೇ ಇರಲಿಲ್ಲವೇನೋ. ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು', ಪೂರ್ವ ಜರ್ಮನಿಯ ಓರ್ವೋ, ಇವುಗಳ ಹೆಸರು ಹೇಳುವಾಗ ಅವರ ದನಿಯಲ್ಲಿ ಹೋದ ಗೆಳೆಯರ ನೆನಪಿರುತ್ತದೆ. ಊಟಿಯ ಕಾರ್ಖಾನೆ ಬಾಗಿಲು ಹಾಕಿತು. ಬೀದಿಯ ಲ್ಯಾಬುಗಳು ಮೊಬೈಲ್ ಅಂಗಡಿಗಳಾದವು. ಒಂದು ಚೀಲ ಡಬ್ಬಿ ಬಿಡಿ, ಈಗ ಒಂದು ಡಬ್ಬಿಗೂ ಪರದಾಟ. ರೀಲಿನ ಬೆಲೆ ಕೇಳಿ ಬೆಚ್ಚಿದ ಕಾಲೇಜು ಹುಡುಗರು, ಇಪ್ಪತ್ತು ವರ್ಷ ಎಲ್ಲರೂ ನಕ್ಕ ಆ ಬಾಗಿಲನ್ನು ಈಗ ತಟ್ಟುತ್ತಿದ್ದಾರೆ.

ಮೊನ್ನೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ತಾತನ ಕ್ಯಾಮೆರಾ ಹಿಡಿದು ಬಂದಿದ್ದಳು. ಮಾವ ಎರಡು ರೀಲು ಕೊಟ್ಟರು. ಅವಳು ಪರ್ಸು ತೆಗೆದಾಗ, "ದುಡ್ಡು ಬೇಡಮ್ಮ, ಡಬ್ಬಿ ವಾಪಸ್ ತಂದ್ಕೊಡು. ಬಾಲ ಪೂರ್ತಿ ಕತ್ತರಿಸ್ಬೇಡ ಅಂತ ತೊಳೆಯೋರಿಗೆ ಹೇಳು" ಎಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ಪುಟ ತಿರುವುವಾಗ ಹಿಂದೊಂದು ಹಾಳೆಯಲ್ಲಿ ಅಳಿಯನ ಹೆಸರು ಕಂಡಿತು. ಎದುರಿಗೆ: 1 ಡಬ್ಬಿ, ಬರಬೇಕು.

"ಆ ಲ್ಯಾಬ್ ಮುಚ್ಚಿ ಎಷ್ಟು ಕಾಲ ಆಯ್ತು ಮಾವ!" ಎಂದ ಅಳಿಯ.

"ಅದಕ್ಕೇನಂತೆ, ಬೇರೆ ಯಾವ್ದಾದ್ರೂ ತಾರೋ. ಹಳದೀದೇ ಆಗ್ಬೇಕು ಅಂತೇನಿಲ್ಲ."