ಗಲ್ಫ್ ರೋಡಿನ ಗತ್ತು

ಕುವೈತಿನ ಅರೇಬಿಯನ್ ಗಲ್ಫ್ ಸ್ಟ್ರೀಟ್ ನಮ್ಮವರ ಬಾಯಲ್ಲಿ ಬರೀ ಗಲ್ಫ್ ರೋಡ್. ಇದರುದ್ದಕ್ಕೂ ಕಡಲೂ ಸರ್ಕಾರವೂ ಜೊತೆಜೊತೆಗೇ ಸಾಗುತ್ತವೆ. ಎರಡರ ಆಳವೂ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಗಡಿಯಾರದ ಗೋಪುರ ಹೊತ್ತ ಸೀಫ್ ಅರಮನೆ, ಅದರೆದುರು 1986ರ ದೊಡ್ಡ ಮಸೀದಿ, ಸಿಡ್ನಿಯ ಆಪೆರಾ ಹೌಸ್ ರೂಪಿಸಿದ ಯೋರ್ನ್ ಉಟ್ಸೋನ್ ಅವರದೇ ಸಂಸತ್ ಭವನ, ಮುಂದೆ ಹೋದರೆ ಬ್ರಿಟನ್ನಿನದು, ನಮ್ಮದು ಎನ್ನುತ್ತ ರಾಯಭಾರ ಕಚೇರಿಗಳು. ಕೆಲಸವಿಲ್ಲದವರಿಗೆ ಬಲು ಚೆಂದದ ಬೀದಿ. ಕೆಲಸವಿದ್ದವರಿಗೆ ಮಾತ್ರ ಇಲ್ಲಿ ಹೆಚ್ಚಿನ ಕೆಲಸವಿಲ್ಲ: ಸಿವಿಲ್ ಐಡಿಯ ಕೇಂದ್ರ ಕಚೇರಿ ದೂರದ ಸೌತ್ ಸುರ್ರಾದಲ್ಲಿದೆ, ಉಳಿದದ್ದರಲ್ಲಿ ಅರ್ಧ ಮೊಬೈಲಿನ 'ಸಹೆಲ್' ಆ್ಯಪಿಗೆ ಸೇರಿಹೋಗಿದೆ. ಹಾಗಾದರೆ ಇಷ್ಟೊಂದು ಕಲ್ಲು, ಕಾಂಕ್ರೀಟು ಯಾಕೆ? ನನ್ನ ವಾದ ಇಷ್ಟೆ: ಸರ್ಕಾರದ ಭಾರಿ ಕಟ್ಟಡ ಇರುವುದು ಕೆಲಸಕ್ಕಲ್ಲ, ನಂಬಿಕೆಗೆ. ಊರ ಸಾಹುಕಾರನ ಬಳಿ ಜನ ಹಣ ಇಡುತ್ತಿದ್ದದ್ದು ಹೆಬ್ಬಾಗಿಲು ನೋಡಿ. ತಿಜೋರಿಯನ್ನು ಕಂಡವರು ಯಾರು?

ಬರೀ ಜಂಬ ಎಂದು ಮೂಗು ಮುರಿಯುವವರುಂಟು. ಕೆಂಗಲ್ ಹನುಮಂತಯ್ಯನವರು ವಿಧಾನಸೌಧ ಕಟ್ಟಿಸುವಾಗಲೂ ಖರ್ಚಿನ ಲೆಕ್ಕ ಕೇಳಿದವರಿದ್ದರು. ಈಗ ಅವರ ಮೊಮ್ಮಕ್ಕಳೇ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಒಳಗೆ ಕೆಲಸವೇ ನಡೆಯದಿದ್ದರೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಉಟ್ಸೋನ್ ಭವನದ ಮುಂದೆ ಬೆದೂಯಿನ್ ಡೇರೆಯಂತೆ ಇಳಿಬಿದ್ದ ಕಾಂಕ್ರೀಟಿನ ಚಾವಣಿಯಿದೆ. 1991ರಲ್ಲಿ ಇರಾಕಿ ಸೈನ್ಯ ಹಿಂದೆಗೆಯುತ್ತ ಭವನಕ್ಕೆ ಬೆಂಕಿಯಿಟ್ಟಿತು, ದುರಸ್ತಿಯಾಯಿತು. 2024ರ ಮೇ ತಿಂಗಳಲ್ಲಿ ಅಮೀರರು ಸಂಸತ್ತನ್ನೇ ವಿಸರ್ಜಿಸಿದರು. ಡೇರೆ ನಿಂತಿತು, ಸಭೆ ಎದ್ದಿತು. ಕಟ್ಟಡ ವ್ಯರ್ಥವೆನ್ನಲು ಇದು ಸಾಕ್ಷಿಯಲ್ಲ. ಸಭೆ ಇಲ್ಲವೆಂಬುದನ್ನು ದಾರಿಹೋಕರಿಗೆ ದಿನವೂ ನೆನಪಿಸುವುದೂ ಒಂದು ಕೆಲಸವೇ, ಅದನ್ನು ಯಾವ ಆ್ಯಪೂ ಮಾಡದು.

ದೂತಾವಾಸಗಳ ಬೆಲೆ ತಿಳಿದದ್ದು ಅವಕ್ಕೆ ಬೀಗ ಹಾಕಹೊರಟಾಗ. 1990ರ ಆಗಸ್ಟಿನಲ್ಲಿ ಕುವೈತನ್ನು ನುಂಗಿದ ಸದ್ದಾಂ ಹುಸೇನ್, 24ನೇ ತಾರೀಖಿನೊಳಗೆ ಎಲ್ಲ ದೂತಾವಾಸಗಳೂ ಮುಚ್ಚಬೇಕೆಂದು ಅಪ್ಪಣೆ ಮಾಡಿದ. ಟ್ಯಾಂಕುಗಳಿದ್ದವನಿಗೂ ಒಂದು ನಾಮಫಲಕ, ಒಂದು ಬಾವುಟ ಕಣ್ಣುರಿಯಾಯಿತೆಂದರೆ ಕಟ್ಟಡ ಬರೀ ಕಲ್ಲಲ್ಲ ಎಂದಾಯಿತು. ನೀರು, ಕರೆಂಟು ಕಡಿದುಹಾಕಿದರೂ ಅಮೆರಿಕ, ಬ್ರಿಟನ್ನುಗಳ ದೂತಾವಾಸದವರಲ್ಲಿ ಕೆಲವರು ಡಿಸೆಂಬರ್ ತನಕ ಒಳಗೇ ಪಟ್ಟು ಹಿಡಿದು ಕೂತರು. 'ಸುಮಾರು 1,70,000 ಭಾರತೀಯರನ್ನು ಊರಿಗೆ ಮುಟ್ಟಿಸಿದ್ದು ಅಮ್ಮಾನಿನಿಂದ ಹಾರಿದ ವಿಮಾನಗಳು, ಕಟ್ಟಡವಲ್ಲ' ಎನ್ನಬಹುದು. ನಿಜ. ಆದರೆ ಗಡಿಯಲ್ಲಿ 'ನೀನು ಯಾವ ದೇಶದವನು' ಎಂದರೆ ಉತ್ತರಿಸುವುದು ಕಾಗದ. ಕಾಗದಕ್ಕೆ ಬೆಲೆ ಮುದ್ರೆಯಿಂದ. ಮುದ್ರೆ ಒತ್ತುವವರಿಗೆ ಒಂದು ವಿಳಾಸ ಬೇಕು. ಆದ್ದರಿಂದ ಗಲ್ಫ್ ರೋಡಿನ ಗತ್ತಿಗೆ ನನ್ನ ತಕರಾರಿಲ್ಲ. ಗೋಪುರ ಎಷ್ಟೆತ್ತರವಾದರೂ ಇರಲಿ, ಅರ್ಜಿ ತೆಗೆದುಕೊಳ್ಳುವ ಕಿಟಕಿ ಮಾತ್ರ ನಿಂತವರ ಎದೆಮಟ್ಟಕ್ಕೆ ಇದ್ದರೆ ಸಾಕು. ಅದೂ ಊಟದ ಹೊತ್ತಿಗೆ ಮುಂಚೆಯೇ ಮುಚ್ಚದಿದ್ದರೆ.