ಶೂಟಿಂಗ್ ಕಾಕಾ

ಊರಿಗೊಬ್ಬರಾದರೂ ಇಂಥವರು ಇರುತ್ತಾರೆ. ಯಮಕನಮರಡಿಯ ಪಾಲಿಗೆ ಬಂದವರನ್ನು ನಾವು ಶೂಟಿಂಗ್ ಕಾಕಾ ಅನ್ನುತ್ತೇವೆ. ಎದುರಿಗೇ ಅನ್ನುತ್ತೇವೆ, ಅವರಿಗದು ಬಿರುದು.

ಗೋವಾಕ್ಕೆ ಹೋದವರು ಸಮುದ್ರ ನೋಡುತ್ತಾರೆ, ಮನೆಯಲ್ಲಿ ಹೇಳಲಾಗದ್ದನ್ನೂ ಒಂದಿಷ್ಟು ಮಾಡುತ್ತಾರೆ. ಕಾಕಾ ಹಾಗಲ್ಲ. ನೆಟ್ಟಗೆ ದೋನಾ ಪೌಲಾಕ್ಕೆ ಹೋಗಿ, 1981ರ ‘ಏಕ್ ದೂಜೆ ಕೇ ಲಿಯೇ’ಯಲ್ಲಿ ಕಮಲಹಾಸನ್ ನಿಂತದ್ದು ಎಲ್ಲಿ ಎಂದು ಟೋಪಿ ಮಾರುವವನನ್ನು ವಿಚಾರಿಸುತ್ತಾರೆ. ಏದುಸಿರು ಬಿಡುತ್ತ ಚಪೋರಾ ಕೋಟೆ ಹತ್ತಿದ್ದು ‘ದಿಲ್ ಚಾಹತಾ ಹೈ’ಯ ಹುಡುಗರು ಕೂತ ಗೋಡೆಗಾಗಿ. ಕೋಟೆ ಕಟ್ಟಿಸಿದ್ದು ಯಾರು ಕಾಕಾ ಎಂದರೆ, “ಪಿಚ್ಚರದಾಗ ಅದನ್ನ ಹೇಳಿಲ್ಲೋ” ಎಂಬ ಉತ್ತರ.

ಒಂದು ವರ್ಷ ಕಬ್ಬಿನ ಬಿಲ್ಲು ಹೇಳಿದ ಹೊತ್ತಿಗೇ ಬಂತು. (ನಂಬಿ, ಬಂತು.) ಮಗ ಕಾಕಾ, ಕಾಕು ಇಬ್ಬರನ್ನೂ ಸಿಂಗಪುರದ ಗ್ರೂಪ್ ಟೂರಿಗೆ ಹತ್ತಿಸಿದ. ಕಾಕಾಗೆ ಸಿಂಗಪುರವೆಂದರೆ ‘ಸಿಂಗಪೂರ್‌ನಲ್ಲಿ ರಾಜಾಕುಳ್ಳ’. 1978ರ ಚಿತ್ರ, ವಿಷ್ಣುವರ್ಧನ್, ದ್ವಾರಕೀಶ್ ಜೋಡಿ, ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಸಿನಿಮಾ ಎಂಬ ಹೆಸರು ಅದಕ್ಕಿದೆ. ಹರೆಯದಲ್ಲಿ ಟೆಂಟ್ ಟಾಕೀಸಿನ ಉಸುಕಿನ ಮೇಲೆ ಕೂತು ನೋಡಿದ ಆ ದಂಡೆಯನ್ನು ಈಗ ಕಾಲಲ್ಲಿ ತುಳಿಯುವ ಆಸೆ.

ಕಾಕಾನ ಪದ್ಧತಿ ಹೀಗೆ: ಮೊಬೈಲಿನಲ್ಲಿ ಹಾಡು ಹಚ್ಚಿ ಬೇಕಾದಲ್ಲಿ ನಿಲ್ಲಿಸುವುದು, ಚಾಳೀಸು ಹಣೆಗೇರಿಸಿ ಒಂದು ಕಣ್ಣು ಮುಚ್ಚುವುದು, ಪರದೆಯೊಳಗಿನ ನೀರನ್ನೂ ಎದುರಿನ ನೀರನ್ನೂ ತಾಳೆ ಹಾಕುತ್ತ ಹೆಜ್ಜೆ ಹೆಜ್ಜೆ ಹಿಂದೆ ಸರಿಯುವುದು. ಹಿಂದಿದ್ದ ಚೀನೀ ಅಜ್ಜಿಯ ಕಾಲು ತುಳಿದದ್ದು ಹೀಗೆ. ತಾಳೆ ಮಾತ್ರ ಆಗಲೊಲ್ಲದು.

ತಮಿಳು ಗೈಡ್ ಬಿಡಿಸಿ ಹೇಳಿದ. ಆರುನೂರು ಚದರ ಕಿಲೋಮೀಟರೂ ಇರದಿದ್ದ ಈ ನಡುಗಡ್ಡೆ, ಸಮುದ್ರಕ್ಕೆ ಮಣ್ಣು ತುಂಬಿ ತುಂಬಿ ಈಗ ಏಳುನೂರು ದಾಟಿದೆ. ಬೀಚ್ ರೋಡ್ ಎಂಬ ರಸ್ತೆಗೆ ಈಗ ಬೀಚಿಲ್ಲ. ಮರೀನಾ ಬೇ ಸ್ಯಾಂಡ್ಸ್ ಎಂಬ ಮುಗಿಲೆತ್ತರದ ಹೋಟೆಲು ನಿಂತದ್ದೇ ತುಂಬಿದ ನೆಲದ ಮೇಲೆ. ಸಿಂಹದ ತಲೆ, ಮೀನಿನ ಮೈಯ ಮರ್ಲಯನ್ ಮೂರ್ತಿಯನ್ನು 1972ರಲ್ಲಿ ನದಿಯ ಬಾಯಿಗೆ ಇಟ್ಟಿದ್ದರು. ಮುಂದೆ ಸೇತುವೆಯೊಂದು ಅಡ್ಡ ಬಂತೆಂದು 2002ರಲ್ಲಿ ಅದನ್ನೂ ಎತ್ತಿ ನೂರಿಪ್ಪತ್ತು ಮೀಟರ್ ಆಚೆ ಇಟ್ಟರು.

“ಹೀರೋ ನಿಂತ ದಂಡೀನ ಕಿತ್ತ ಮ್ಯಾಲೆ ನಾ ಎಲ್ಲಿ ನಿಂದರ್ಲೋ ತಮ್ಮಾ?”

ಸಮಾಧಾನ ಮಾಡಲು ಹೋಗಿ ಗೈಡ್, ರಜನಿಕಾಂತ್ ಅವರ ‘ಪ್ರಿಯಾ’ ಕೂಡ ಅದೇ ವರ್ಷದ್ದು, ಅದೂ ಇಲ್ಲೇ ತೆಗೆದದ್ದು ಎಂದ. ಕಾಕಾಗೆ ಸಿಟ್ಟು ಬಂತು. “ಯಾರ ಬೆನ್ನ ಹತ್ತಿ ಬಂದರು ಅದನ್ನ ಹೇಳು ಮೊದಲ.” ಆಮೇಲೆ ಬಸ್ಸಿನಲ್ಲಿ ಇಬ್ಬರ ನಡುವೆ ಮಾತಿಲ್ಲ.

ಊರಿಗೆ ಬಂದ ಮೇಲೆ ಕಾಕಾ ಚಹಾದಂಗಡಿಯಲ್ಲಿ ಎಲ್ಲರಿಗೂ ಫೋಟೋ ತೋರಿಸಿದರು. ವಿಷ್ಣುವರ್ಧನ್ ಭಂಗಿಯಲ್ಲಿ ಕಾಕಾ, ದ್ವಾರಕೀಶ್ ಭಂಗಿಯಲ್ಲಿ ಕಾಕಾ. ಎರಡನೆಯದಕ್ಕೆ ಅಭಿನಯ ಬೇಕಿರಲಿಲ್ಲ. ತೆಗೆದವರು ಎಲ್ಲದಕ್ಕೂ ಕಾಕು. ಸಿಂಗಪುರ ಹೆಂಗಿತ್ತು ಕಾಕು ಎಂದರೆ ಅವರದು ಬೇರೆ ವರದಿ: “ಇತ್ತಂತಪ್ಪ, ಇವರ ಹೊಟ್ಟಿ ಹಿಂದ. ನನಗ ಕಾಣಲಿಲ್ಲ.”

ಇಂಥ ಕಾಕಾಗೆ ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡೋಣ ಬರ್ರಿ ಅಂದು ನೋಡಿ. ಘಟಪ್ರಭೆ 52 ಮೀಟರ್ ಮೇಲಿಂದ ಕೆಂಪಗೆ ಧುಮುಕುತ್ತಿರುತ್ತಾಳೆ, 1887ರಲ್ಲೇ ಆ ನೀರಿನಿಂದ ಅಲ್ಲಿ ಕರೆಂಟು ತೆಗೆದಿದ್ದರು, ತೂಗುಸೇತುವೆ ಬೇರೆ. ಎಲ್ಲ ಕೇಳಿಸಿಕೊಂಡು ಕಾಕಾ ಒಂದೇ ಪ್ರಶ್ನೆ ಹಾಕುತ್ತಾರೆ: “ಯಾರ ಹಾಡಾಗೇತಿ ಅಲ್ಲಿ?” ಮನೆಯಿಂದ ಕೂಗಳತೆಯೆನ್ನಬಹುದಾದ ಹಿಡಕಲ್ ಡ್ಯಾಮಿಗೂ ಇದೇ ಪ್ರಶ್ನೆ.

ಆದ್ದರಿಂದ ಬೆಂಗಳೂರಿನ ನಿರ್ದೇಶಕರಲ್ಲಿ ಒಂದು ವಿನಂತಿ. ಹಿಡಕಲ್ಲಿನಲ್ಲಿ ಒಂದೇ ಒಂದು ಹಾಡು ತೆಗೆಯಿರಿ, ಸಣ್ಣ ಹೀರೋ ಆದರೂ ನಡೆದೀತು. ಕಾಕು ಬಹಳ ದಿನದಿಂದ ಆ ನೀರು ನೋಡಬೇಕೆನ್ನುತ್ತಿದ್ದಾರೆ, ಅವರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡೂ ಇಲ್ಲ.