ಪರಿಶೀಲಿಸಲಾಗಿದೆ

“‘ಶೀರ್ಷಿಕೆರಹಿತ 7’ ಇಲ್ಲಿದೆ. ಒಂದರಿಂದ ಆರು ಎಲ್ಲಿ?”

ಬರೋಡದಲ್ಲಿ ಓದಿ ಬಂದ ಗಡ್ಡದ ಹುಡುಗ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನದ ಮೊದಲ ದಿನ ಎದುರಿಸಿದ ಮೊದಲ ಪ್ರಶ್ನೆ ಇದು. ಬಣ್ಣದ ಬಗ್ಗೆ ಕೇಳಿದರೆ ಹೇಳಲು, ರೇಖೆಯ ಬಗ್ಗೆ ಕೇಳಿದರೆ ಹೇಳಲು, ಬದುಕಿನ ತಳಮಳದ ಬಗ್ಗೆ ಯಾರೂ ಕೇಳದಿದ್ದರೂ ಹೇಳಲು ಆತ ಸಿದ್ಧನಾಗಿ ಬಂದಿದ್ದ. ಇದಕ್ಕೆ ಸಿದ್ಧನಾಗಿರಲಿಲ್ಲ. ತಡವರಿಸಿ, “ಸರ್, ಆರೂ ಮಾರಾಟ ಆಗೋಗಿವೆ” ಅಂದ. ರಾಯರು ಕನ್ನಡಕದ ಮೇಲಿಂದ ಅವನನ್ನೊಮ್ಮೆ ಅಳೆದು, “ಹಾಗಾದ್ರೆ ಬ್ಯಾಲೆನ್ಸ್ ಸರಿಯಾಯ್ತು” ಎಂದು ಮುಂದಿನ ಚಿತ್ರಕ್ಕೆ ನಡೆದರು. ಆರೂ ಅವನ ಅಪ್ಪನ ಮನೆಯ ಅಟ್ಟದ ಮೇಲಿವೆ ಎಂಬುದು ನನಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ.

ನಮ್ಮದು ಮೈಸೂರಿನ ಕುವೆಂಪುನಗರದ ಹಳೇ ಮನೆಯೊಂದರ ಮುಂದಿನ ಎರಡು ಕೋಣೆ. ನಡುವಿನ ಗೋಡೆ ಒಡೆದು, ಸುಣ್ಣದ ಬಿಳಿ ಬಳಿದು, ಮೇಲೆ ನಾಲ್ಕು ದೀಪ ಸಿಕ್ಕಿಸಿದ ಮೇಲೆ ಅದಕ್ಕೆ ಗ್ಯಾಲರಿ ಎಂಬ ಹೆಸರು ಬಂತು. ಅಡುಗೆಮನೆ ಗೋಡೌನ್ ಆಯಿತು. ಸಂಜೆ ಹೊತ್ತು ಅಲ್ಲಿ ಮೇಜು ಕಾಯುವ ಕೆಲಸ ನನ್ನದು. ಅಲ್ಲಿಗೆ ಯಾರು ಬರುತ್ತಾರೆ ಎಂದು ಕೇಳಿದರೆ ಸುಳ್ಳು ಹೇಳಬಾರದು: ಕಲಾವಿದ, ಕಲಾವಿದನ ನೆಂಟರು, ನೆಂಟರ ಮಕ್ಕಳು, ಮಳೆ ಬಂದರೆ ಇನ್ನೊಂದಿಷ್ಟು ಜನ. ಮತ್ತು ಆಡಿಟ್ ರಾಯರು.

ಹೆಸರು ನಾವಿಟ್ಟದ್ದು. ಮೂವತ್ತನಾಲ್ಕು ವರ್ಷ ಊರೂರಿನ ಕಚೇರಿಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು. ಚಿತ್ರ ತೂಗುಹಾಕುವ ಗೋಡೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇಂಥವರೊಬ್ಬರು ಇರುತ್ತಾರೆ. ಧಾರವಾಡದಲ್ಲಿ ಅವರು ನಿವೃತ್ತ ಹೆಡ್‌ಮಾಸ್ತರರಾಗಿರಬಹುದು, ಉಡುಪಿಯಲ್ಲಿ ಬ್ಯಾಂಕಿನವರು. ಒಂದು ಉದ್ಘಾಟನೆ ತಪ್ಪಿಸುವುದಿಲ್ಲ, ಒಂದು ಕಾರ್ಯಾಗಾರ ಬಿಡುವುದಿಲ್ಲ, ಒಂದು ಚಿತ್ರ ಕೊಳ್ಳುವುದಿಲ್ಲ. ನಮ್ಮವರ ವಿಶೇಷ ಏನೆಂದರೆ, ಅವರು ಚಿತ್ರ ನೋಡಲು ಬರುವುದಿಲ್ಲ. ತಪಾಸಣೆಗೆ ಬರುತ್ತಾರೆ.

ಕೈಯಲ್ಲಿ ಬಟ್ಟೆ ಚೀಲ. ಅದರಲ್ಲಿ ಛತ್ರಿ, ನೀರಿನ ಬಾಟಲಿ ಮತ್ತು ಗಾರೆ ಕೆಲಸದವರು ಇಟ್ಟುಕೊಳ್ಳುವಂಥ ಒಂದು ಸಣ್ಣ ರಸಮಟ್ಟ. ಒಳಗೆ ಬಂದವರೇ ಮೊದಲು ಪ್ರತಿ ಚೌಕಟ್ಟಿನ ನೆತ್ತಿಗೂ ಅದನ್ನಿಟ್ಟು ಗುಳ್ಳೆ ನಡುವಿಗೆ ಬಂತೇ ಎಂದು ನೋಡುತ್ತಾರೆ. ಬರದಿದ್ದರೆ ನನ್ನ ಕಡೆ ತಿರುಗಿ ಬೆರಳಿನಲ್ಲಿ ‘ಅರ್ಧ ಇಂಚು’ ಎಂದು ಸನ್ನೆ. ಆಮೇಲೆ ಬೆಲೆಪಟ್ಟಿ ಹಿಡಿದು ಕ್ರಮಸಂಖ್ಯೆ ತಾಳೆ ನೋಡುವುದು. ಹದಿನಾಲ್ಕಾದ ಮೇಲೆ ಹದಿನಾರು ಬಂದರೆ ಹದಿನೈದು ಸಿಗುವವರೆಗೂ ಕಾಫಿ ಮುಟ್ಟುವುದಿಲ್ಲ. ‘ಮಿಶ್ರ ಮಾಧ್ಯಮ’ ಎಂಬ ಮಾತು ಕಂಡರಂತೂ ಅವರಿಗೆ ಆಗುವುದೇ ಇಲ್ಲ. “ಏನೇನು ಮಿಶ್ರ? ಎಷ್ಟೆಷ್ಟು? ಕಾಫಿಪುಡಿ ಪೊಟ್ಟಣದ ಮೇಲೂ ಚಿಕೋರಿ ಇಷ್ಟು ಅಂತ ಹಾಕ್ತಾರೆ ಸ್ವಾಮಿ.”

ಇದಕ್ಕೆ ಇವತ್ತಿನವರೆಗೂ ಯಾವ ಕಲಾವಿದನೂ ಉತ್ತರ ಕೊಟ್ಟಿಲ್ಲ. ನನಗೂ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ.

ಕೊನೆಗೆ ಅಭಿಪ್ರಾಯದ ಪುಸ್ತಕ. ಉಳಿದವರು ‘ಅದ್ಭುತ’, ‘ಮನಮುಟ್ಟಿತು’, ‘ಕಾಫಿ ಚೆನ್ನಾಗಿತ್ತು’ ಎಂದು ಬರೆಯುವ ಕಡೆ ರಾಯರು ಗೆರೆ ಹೊಡೆದು, ತಾರೀಕು ಹಾಕಿ, ‘ಪರಿಶೀಲಿಸಲಾಗಿದೆ’ ಎಂದು ಬರೆದು ಚಿಕ್ಕ ಸಹಿ ಮಾಡುತ್ತಾರೆ. ಆಕ್ಷೇಪಣೆಗಳಿದ್ದರೆ ಕೆಳಗೆ. ‘ಚಿತ್ರ 9: ಹಸುವಿಗೆ ಐದು ಕಾಲು. ವಿವರಣೆ ಪಡೆಯತಕ್ಕದ್ದು.’ ಐದನೆಯದು ಬಾಲವೆಂದು ಕಲಾವಿದೆ ಅತ್ತುಕೊಂಡೇ ಹೇಳಿದಳು. ಮರುವರ್ಷ ಅವಳ ಪ್ರದರ್ಶನದಲ್ಲಿ ಎಲ್ಲ ಹಸುಗಳ ಬಾಲದ ತುದಿಗೂ ದಂಡಿಯಾಗಿ ಕೂದಲಿತ್ತು. ರಾಯರು ಹಳೆಯ ಪುಟ ತಿರುವಿ ‘ಆಕ್ಷೇಪಣೆ ಕೈಬಿಡಲಾಗಿದೆ’ ಎಂದು ಬರೆದರು.

ಅವರನ್ನು ಬರೀ ತಲೆಹರಟೆ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಒಮ್ಮೆ ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ಭಾಷಣದ ಭರದಲ್ಲಿ, ನಮ್ಮ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ನೆನೆದು, “ಆಹಾ, ರವಿವರ್ಮನ ಕುಂಚ!” ಅಂದರು. ಮೈಸೂರಿಗೆ ಬಂದ ಪ್ರವಾಸಿಗರಲ್ಲಿ ಮುಕ್ಕಾಲು ಪಾಲು ಹೀಗೇ ಅನ್ನುತ್ತಾರೆ. ಅದೇ ಅರಮನೆಯಲ್ಲಿ ರವಿವರ್ಮನ ಚಿತ್ರಗಳೂ ಇರುವುದರಿಂದ ಗೊಂದಲ. ಮೂರನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

“ಆ ಚಿತ್ರ ಹಳದಣಕರರದು. ಎಸ್.ಎಲ್. ಹಳದಣಕರ್. ಎಣ್ಣೆಬಣ್ಣವೂ ಅಲ್ಲ, ಕಾಗದದ ಮೇಲಿನ ಜಲವರ್ಣ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಚಿತ್ರ ಬರೆದದ್ದು ಅದಾಗಿ ಸುಮಾರು ನಲವತ್ತು ವರ್ಷಕ್ಕೆ. ಸತ್ತವರ ಸಹಿ ಮೇಲೆ ಬಿಲ್ ಪಾಸ್ ಮಾಡಕ್ಕಾಗಲ್ಲ ಸ್ವಾಮಿ.”

ಮುಖ್ಯ ಅತಿಥಿಗಳು ಭಾಷಣ ಮೊಟಕು ಮಾಡಿದರು. ನಮ್ಮ ಗ್ಯಾಲರಿಯ ಚರಿತ್ರೆಯಲ್ಲೇ ಅತಿ ಚಿಕ್ಕ ಉದ್ಘಾಟನಾ ಭಾಷಣ ಅದು. ಆ ಒಂದು ಉಪಕಾರಕ್ಕೆ ನಾನು ರಾಯರ ಎಷ್ಟೋ ಅಪರಾಧ ಮನ್ನಿಸಿದ್ದೇನೆ.

ಕಾರ್ಯಾಗಾರಗಳ ಕಥೆಯೇ ಬೇರೆ. ಬಾಡಿಗೆ ಹುಟ್ಟಬೇಕಾದರೆ ಪ್ರದರ್ಶನ ಸಾಲದು, ಭಾನುವಾರಗಳಂದು ಏನಾದರೂ ಕಲಿಸಬೇಕು ಎಂದು ನಮಗೆ ಬೇಗ ಅರ್ಥವಾಯಿತು. ಗೌರಿ ಹಬ್ಬಕ್ಕೆ ಮುಂಚೆ ಮಣ್ಣಿನ ಗಣಪತಿ, ಬೇಸಿಗೆ ರಜದಲ್ಲಿ ಮಕ್ಕಳಿಗೆ ವರ್ಲಿ, ದಸರೆಯ ಹೊತ್ತಿಗೆ ಮೈಸೂರು ಶೈಲಿ. ಎಲ್ಲಕ್ಕೂ ಮೊದಲ ಹೆಸರು ರಾಯರದು, ಶುಲ್ಕ ಮುಂಗಡ, ರಸೀದಿ ಕಡ್ಡಾಯ. ಮಕ್ಕಳ ವರ್ಲಿ ಶಿಬಿರಕ್ಕೂ ಬಂದು ಕೂತರು. ವಯೋಮಿತಿ 14 ಎಂದರೆ, “ಕನಿಷ್ಠವೋ ಗರಿಷ್ಠವೋ ಕರಪತ್ರದಲ್ಲಿ ಹಾಕಿಲ್ಲ” ಅಂದರು. ಹಾಕಿರಲಿಲ್ಲ.

ಮೈಸೂರು ಶೈಲಿ ಕಲಿಸಲು ಬಂದ ಮೇಷ್ಟ್ರು ಬಹಳ ತಾಳ್ಮೆಯವರು. ತಂಜಾವೂರಿನದರಲ್ಲಿ ಗೆಸ್ಸೋ ಉಬ್ಬುಬ್ಬಾಗಿ ಇರುತ್ತದೆ, ಹರಳು ಕೂರಿಸುತ್ತಾರೆ. ನಮ್ಮದರಲ್ಲಿ ಅದು ತೆಳ್ಳಗೆ, ಬೆರಳಾಡಿಸಿದರೆ ಮಾತ್ರ ತಿಳಿಯಬೇಕು, ಅದರ ಮೇಲೆ ಚಿನ್ನದ ರೇಕು, ಎಂದು ವಿವರಿಸುತ್ತಿದ್ದರು. ಉಸಿರು ಬಿಟ್ಟರೆ ಹಾರುವಂಥ ರೇಕು. ರಾಯರು ಉಸಿರು ಬಿಡಲಿಲ್ಲ, ಪ್ರಶ್ನೆ ಕೇಳಿದರು: “ಇದು ಎಷ್ಟು ಕ್ಯಾರೆಟ್ಟು?” ರೇಕು ಹಾರಿ ಪಕ್ಕದ ವಿದ್ಯಾರ್ಥಿನಿಯ ಮೂಗಿಗೆ ಅಂಟಿತು. ಆಕೆಯ ಮೂಗು ಆ ದಿನ ಸಂಜೆಯವರೆಗೂ ಸರಸ್ವತಿಯ ಕಿರೀಟಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು.

ರಾಯರು ಬರೆದ ಸರಸ್ವತಿಯ ನವಿಲು ಕೋಳಿಯ ಹಾಗಿತ್ತು. ಮೇಷ್ಟ್ರು ಮೆತ್ತಗೆ ಸೂಚಿಸಿದರು. ರಾಯರು ಮೆತ್ತಗೇ ಉತ್ತರಿಸಿದರು: “ನಮ್ಮೂರಿನ ಆರ್.ಕೆ. ಲಕ್ಷ್ಮಣ್‌ರನ್ನೇ ಮುಂಬಯಿಯ ಜೆ.ಜೆ. ಶಾಲೆಯವರು ಸೇರಿಸ್ಕೊಳ್ಳಲಿಲ್ಲ ಮೇಷ್ಟ್ರೇ.” ಮೇಷ್ಟ್ರು ಆಮೇಲೆ ಕೋಳಿಯ ಸುದ್ದಿಗೆ ಹೋಗಲಿಲ್ಲ.

ಅವರನ್ನು ನಿಜವಾಗಿ ಮಣಿಸಿದವರು ಒಬ್ಬರೇ. ಹಸೆ ಚಿತ್ತಾರ ಕಲಿಸಲು ಸಾಗರದ ಕಡೆಯಿಂದ ಬಂದಿದ್ದ ಅಕ್ಕ. ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಮೇಲೆ ಹೆಂಗಸರು ಬರೆಯುವ ಚಿತ್ತಾರ ಅದು. ಕೆಮ್ಮಣ್ಣು ಬಳಿದ ನೆಲೆ, ಅಕ್ಕಿ ಅರೆದ ಬಿಳಿ, ಅಕ್ಕಿ ಹುರಿದು ಕರಕಲು ಮಾಡಿದ ಕಪ್ಪು, ಪುಂಡಿ ನಾರಿನ ಕುಂಚ. ಗೆರೆ ಎಂದರೆ ಗೆರೆ. ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ಅಂತರ. ರಾಯರು ಚೀಲದಿಂದ ಉಕ್ಕಿನ ಸ್ಕೇಲು ತೆಗೆದರು.

“ಅದು ಎಂತಕ್ಕೆ ಯಜಮಾನ್ರೇ?”

“ಗೆರೆ ನೇರ ಬರ್ಬೇಕಲ್ಲಮ್ಮಾ. ನನ್ನ ಕೈ ನಡುಗುತ್ತೆ.”

“ನಡುಗಿರೆ ನಡುಗ್ಲಿ. ಅದನ್ನ ಚೀಲಕ್ಕೆ ಹಾಕಿ, ಉಸಿರು ಹಿಡ್ಕಂಡು ಎಳೀರಿ.”

ಅಷ್ಟು ಹೇಳಿ ಆಕೆ ತಮ್ಮ ಗೆರೆ ಎಳೆಯತೊಡಗಿದರು. ಮೊಳದುದ್ದ, ಎತ್ತಿದ ಕೈ ಇಳಿಸದೆ. ರಾಯರು ಆಕೆ ಅತ್ತ ತಿರುಗಿದಾಗ ಮೆಲ್ಲಗೆ ರಸಮಟ್ಟ ಇಟ್ಟು ನೋಡಿದ್ದನ್ನು ನಾನು ಕಂಡೆ. ಗುಳ್ಳೆ ನಟ್ಟನಡುವೆ ನಿಂತಿತ್ತು. ಸ್ಕೇಲು ಚೀಲ ಸೇರಿತು. ಆ ಸಂಜೆ ಪುಸ್ತಕದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ಮಾತಿರಲಿಲ್ಲ. ‘ನೋಡಿದೆ’ ಎಂದಷ್ಟೇ ಇತ್ತು.

ಇಷ್ಟು ವರ್ಷದ ಕಾರ್ಯಾಗಾರಗಳಿಂದ ರಾಯರ ಮನೆಗೆ ಹೋದ ಕೃತಿಗಳನ್ನು ನಾನು ಲೆಕ್ಕವಿಟ್ಟಿಲ್ಲ. ಜೊತೆಗೆ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಬೆಳಗಿನ ರೈಲು ಹಿಡಿದು ಹೋಗಿ, ದಿನವಿಡೀ ಚೌಕಾಸಿ ಮಾಡಿ, ಪೋಸ್ಟ್‌ಕಾರ್ಡ್ ಅಗಲದ ಒಂದು ಚಿತ್ರ ಹಿಡಿದು ಬರುತ್ತಾರೆ. (ಚಿತ್ರ ಕೊಳ್ಳುವುದಿಲ್ಲ ಎಂದು ಮೇಲೆ ಬರೆದೆ. ಪೋಸ್ಟ್‌ಕಾರ್ಡನ್ನು ಲೆಕ್ಕಕ್ಕೆ ಹಿಡಿದಿಲ್ಲ.)

ಹೋದ ವರ್ಷ ಕಾರ್ಯಾಗಾರಗಳಲ್ಲಿ ಕಲಿತವರದೇ ಒಂದು ಪ್ರದರ್ಶನ ಇಟ್ಟೆವು. ರಾಯರದು ಆ ನವಿಲಿನ ಸರಸ್ವತಿ. ಬೆಲೆ ಎಷ್ಟು ಹಾಕಲಿ ಎಂದರೆ ಚೀಟಿ ಕೊಟ್ಟರು: ಹಲಗೆ, ಬಣ್ಣ, ರೇಕು, ಆಟೋ ಖರ್ಚು, ಒಟ್ಟು 1,140 ರೂಪಾಯಿ. ಕೂಲಿ ಹಾಕಿಕೊಂಡಿರಲಿಲ್ಲ.

ಮೊದಲ ದಿನ ರಸಮಟ್ಟ ಚೀಲದಿಂದ ಹೊರಗೆ ಬರಲೇ ಇಲ್ಲ. ಹದಿನಾಲ್ಕಾದ ಮೇಲೆ ಹದಿನಾರು ಬಂದಿತ್ತು, ಬೇಕೆಂದೇ ನಾನು ಹಾಗೆ ಹಾಕಿದ್ದೆ, ಅದೂ ಅವರ ಕಣ್ಣಿಗೆ ಬೀಳಲಿಲ್ಲ. ತಮ್ಮ ಚಿತ್ರದಿಂದ ನಾಲ್ಕು ಅಡಿ ದೂರ, ಅದಕ್ಕೂ ತಮಗೂ ಸಂಬಂಧವಿಲ್ಲ ಎಂಬಂತೆ ಬೆನ್ನು ಮಾಡಿಕೊಂಡು, ಆದರೆ ಕಿವಿ ಅತ್ತಲೇ ಇಟ್ಟುಕೊಂಡು ನಿಂತರು. ಎರಡನೇ ದಿನವೂ ಹಾಗೇ. ಒಂದು ಮಗು “ಅಮ್ಮಾ, ಕೋಳಿ” ಅಂತು. ರಾಯರು ಹೋಗಿ ನೀರು ಕುಡಿದು ಬಂದರು.

ಮೂರನೇ ದಿನ ಮಧ್ಯಾಹ್ನ, ಅವರು ಊಟಕ್ಕೆ ಹೋಗಿದ್ದ ಹೊತ್ತಿಗೆ, ಅವರ ಮನೆಯವರು ತರಕಾರಿ ಚೀಲ ಹಿಡಿದು ಬಂದರು. ನೇರ ಮೇಜಿಗೆ.

“ಅದು ಮಾರಾಟ ಆಗ್ದೇ ಇದ್ರೆ ಏನಾಗುತ್ತಪ್ಪಾ?”

“ಮನೆಗೆ ವಾಪಸ್ ಕಳಿಸ್ತೀವಮ್ಮಾ.”

ಅವರು ಒಂದು ಗಳಿಗೆ ಯೋಚಿಸಿ, ಸೀರೆಯ ಮಡಿಲಿನಿಂದ ಪರ್ಸು ತೆಗೆದು ಎಣಿಸಿದರು. 1,140.

“ಹಾಲಿನಲ್ಲಿ ಕ್ಯಾಲೆಂಡರ್‌ಗೆ ಮೊಳೆ ಇಲ್ಲ. ದೇವರ ಮನೇಲಿ ಗಣಪತಿಗಳು ಕೂತು ದೇವರಿಗೇ ಜಾಗ ಇಲ್ಲ. ಇದು ಇಲ್ಲೇ ಎಲ್ಲಾದ್ರೂ ಇರ್ಲಿ. ಮನೆಗೆ ಮಾತ್ರ ಬರಬಾರದು. ಇನ್ನೂರು ಜಾಸ್ತಿ ಬೇಕಿದ್ರೂ ಕೊಡ್ತೀನಿ.”

ಜಾಸ್ತಿ ಬೇಡ ಎಂದೆ. ರಸೀದಿ ಅವರ ಹೆಸರಿಗೇ ಹರಿದೆ, ಚೌಕಟ್ಟಿನ ಪಕ್ಕ ಕೆಂಪು ಚುಕ್ಕೆ ಅಂಟಿಸಿದೆ. ಮಾರಾಟವಾಯಿತು ಎಂಬುದಕ್ಕೆ ಗ್ಯಾಲರಿಗಳಲ್ಲಿ ಹಾಗೆ ಕುಂಕುಮ ಇಡುವುದು ರೂಢಿ.

ರಾಯರು ಬಂದರು. ಚುಕ್ಕೆ ಕಂಡರು. ಬೆರಳಿನಿಂದ ಕೆರೆದು ನೋಡಿದರು, ನಿಜವಾದ ಚುಕ್ಕೆಯೇ. ಮೇಜಿನ ಬಳಿ ಬಂದು ಗಂಟಲು ಸರಿಮಾಡಿಕೊಂಡು, “ಯಾರು?” ಅಂದರು.

ನನ್ನ ಬಾಯಿಗೆ ಬಂದದ್ದು ಒಂದೇ ಮಾತು. “ಯಾರೋ ಕಲೆಕ್ಟರು ಸಾರ್.”

ಚಿತ್ರ ಸಂಗ್ರಹಿಸುವವರು ಎಂಬ ಅರ್ಥದಲ್ಲಿ ಹೇಳಿದ್ದು. ರಾಯರು ಸರ್ಕಾರಿ ನೌಕರಿಯಲ್ಲಿ ಬೆಳೆದವರು. ಅವರಿಗೆ ಆ ಪದಕ್ಕೆ ಇರುವುದು ಒಂದೇ ಅರ್ಥ. “ಡಿ.ಸಿ. ಸಾಹೇಬ್ರೇ?” ಎಂದು ಪಿಸುಗುಟ್ಟಿ, ಕುರ್ಚಿ ಎಳೆದು ಕೂತರು. ತಿದ್ದಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ತೆಗೆದು ಅಮೆರಿಕದಲ್ಲಿರುವ ಮಗನಿಗೆ ಹಚ್ಚಿಯಾಗಿತ್ತು. ಅಲ್ಲಿ ಆಗ ನಡುರಾತ್ರಿ.

ಸರಸ್ವತಿ ಈಗ ನಮ್ಮ ಗೋಡೌನಿನಲ್ಲಿ, ಗ್ಯಾಸ್ ಕಟ್ಟೆಯ ಮೇಲೆ, ಹಳೇ ಬೆಡ್‌ಶೀಟಿನ ಹಿಂದೆ ಇದ್ದಾಳೆ. ಡಿ.ಸಿ. ಸಾಹೇಬರು ಬಂಗಲೆಯ ಯಾವ ಗೋಡೆಗೆ ಹಾಕಿದ್ದಾರೋ, ಮಟ್ಟ ಸರಿಯಾಗಿದೆಯೋ ಇಲ್ಲವೋ ಎಂಬುದೊಂದೇ ರಾಯರ ಚಿಂತೆ. ಹೋದ ವಾರ ಬಂದವರು, ವಿಳಾಸ ನೋಡಬೇಕಿತ್ತು, ಆ ರಸೀದಿಯ ಕಾರ್ಬನ್ ಪ್ರತಿ ತೋರಿಸಿ ಎಂದು ಕೂತರು. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದವರು, ಸುಮ್ಮನೆ ಏಳುವವರಲ್ಲ.

ರಸೀದಿ ಪುಸ್ತಕ ಸದ್ಯಕ್ಕೆ ನನ್ನ ಮನೆಯಲ್ಲಿದೆ, ಅಕ್ಕಿ ಡಬ್ಬದೊಳಗೆ.